ತೂತಿನ ಹಲಗೆ: ಘಟ್ಟದ ಮೇಲೆ ಯಾವುದು, ಘಟ್ಟದ ಕೆಳಗೆ ಯಾವುದು?

ಕಳೆದ ವರ್ಷ ಜುಲೈಯಲ್ಲಿ ಒಂದು ಬೆಳಿಗ್ಗೆ ಕಾರವಾರದ ನಮ್ಮ ಮನೆಯ ಜಗಲಿ ಗುಡಿಸುತ್ತಿದ್ದೆ. ಬೆಂಚಿನ ಅಡಿಯಿಂದ ಪೊರಕೆಗೆ ಒಂದು ಪುಟ್ಟ ಚೀಲ ಸಿಕ್ಕಿತು. ಹಳೆ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ನಾನೇ ಹೊಲಿದ ಚೀಲ, ಒಳಗೆ ಗೋವಿನಜೋಳ (ಮೆಕ್ಕೆಜೋಳ). ಮೇ ತಿಂಗಳಲ್ಲಿ ಮಕ್ಕಳು ಹಲಗೆಯ ತೂತಿಗೆ ಚೀಲ ಎಸೆಯುವ ಆಟ ಆಡಿ ಅಲ್ಲೇ ಬಿಟ್ಟಿದ್ದರು. ಮಳೆಯ ಎರಚಲು ಬಡಿದು ಬಡಿದು ಅದು ಇಡ್ಲಿಯ ಹಾಗೆ ಉಬ್ಬಿತ್ತು. ಹೊಲಿಗೆಯ ಸಂದಿಯಿಂದ ಎರಡು ಬೆರಳು ಉದ್ದದ ಹಸಿರು ಮೊಳಕೆ ಎದ್ದು ನಿಂತಿತ್ತು! ಕೈಗೆತ್ತಿಕೊಂಡರೆ ಹುಳಿ ವಾಸನೆ. ಆ ಚೀಲ ಬೀಳಬೇಕಿದ್ದ ಹಲಗೆಯೂ ಅಲ್ಲೇ ಗೋಡೆಗೆ ಒರಗಿತ್ತು. ಅದರ ಅಂಚು ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಬಾತುಕೊಂಡಿತ್ತು.

ಹೀಗೆ ನಮ್ಮ ಮೊದಲ ಜೊತೆ ಹಲಗೆ ಮಣ್ಣು ಪಾಲಾಯಿತು. ಆಮೇಲೆ ಎರಡು ಜೊತೆ ಮಾಡಿದೆವು. ಒಂದು ಘಟ್ಟದ ಕೆಳಗೆ ಕಾರವಾರದ ಮನೆಗೆ, ಇನ್ನೊಂದು ಘಟ್ಟದ ಮೇಲೆ ಶಿರಸಿ ಹತ್ತಿರದ ನನ್ನ ತವರಿಗೆ. ಎರಡೂ ಬೇರೆ ಬೇರೆ ಥರದವು. ಯಾಕೆ ಬೇರೆ ಮಾಡಬೇಕಾಯಿತು, ಎಲ್ಲಿ ಏನು ಆರಿಸಿಕೊಂಡೆವು, ಏನು ಕೈಕೊಟ್ಟಿತು ಅನ್ನೋದನ್ನು ಬರೆಯುತ್ತಿದ್ದೇನೆ. ಯೂಟ್ಯೂಬಿನಲ್ಲಿ ಸಿಗುವ ವಿಡಿಯೋಗಳೆಲ್ಲ ಒಣ ಊರಿನವು. ನಮ್ಮಲ್ಲಿ ಕಾರವಾರದ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಹಲಗೆ ಚೆನ್ನಾಗಿದೆಯೋ ಇಲ್ಲವೋ ಅನ್ನೋದು ಜನವರಿಯಲ್ಲಿ ಗೊತ್ತಾಗೋದಿಲ್ಲ, ಜೂನ್ ಬರಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದಲ್ಲಿ ಇದಕ್ಕೆ ಕಾರ್ನ್‌ಹೋಲ್ ಅನ್ನುತ್ತಾರೆ. ಓರೆಯಾಗಿ ಇಟ್ಟ ಹಲಗೆ, ಅದರ ತಲೆ ಕಡೆ ಒಂದು ತೂತು. ದೂರದಲ್ಲಿ ನಿಂತು ಚೀಲ ಎಸೆಯಬೇಕು. ತೂತಿನಲ್ಲಿ ಬಿದ್ದರೆ 3 ಅಂಕ, ಹಲಗೆ ಮೇಲೆ ನಿಂತರೆ 1. ಒಬ್ಬೊಬ್ಬರಿಗೆ ನಾಲ್ಕು ಚೀಲ. ಒಂದು ಸುತ್ತಿನಲ್ಲಿ ಇಬ್ಬರ ಅಂಕ ಎಷ್ಟೆಷ್ಟು ನೋಡಿ, ಕಡಿಮೆಯದನ್ನು ಜಾಸ್ತಿಯದರಲ್ಲಿ ಕಳೆದು, ಉಳಿದದ್ದನ್ನು ಗೆದ್ದವರ ಲೆಕ್ಕಕ್ಕೆ ಸೇರಿಸಬೇಕು. ಮೊದಲು 21 ಮುಟ್ಟಿದವರು ಗೆದ್ದರು. ನೆಲಕ್ಕೆ ಬಿದ್ದು ಪುಟಿದು ಹಲಗೆ ಹತ್ತಿದ ಚೀಲಕ್ಕೆ ಅಂಕ ಇಲ್ಲ. ನಮ್ಮಲ್ಲಿ ಜಗಳ ಹತ್ತುವುದು ಇಲ್ಲೇ. ನಮ್ಮ ಮನೆ ಮಕ್ಕಳು ಇದನ್ನು ‘ತೂತಿನ ಹಲಗೆ’ ಅಂತ ಕರೆದರು, ಅದೇ ಹೆಸರು ಉಳಿಯಿತು.

ಮನೆಯಲ್ಲಿ ಬರೀ ಚಿಕ್ಕ ಮಕ್ಕಳಿದ್ದರೆ, ಹಲಗೆಯ ತಲೆನೋವೇ ಬೇಡ ಅನಿಸಿದರೆ, ಒಂದು ಹೆಡಿಗೆ ಇಟ್ಟು ಅದರೊಳಗೆ ಚೀಲ ಹಾಕಿಸಿ. ಸಾಕು. ಮುಂದಿನದು ಅಷ್ಟಕ್ಕೆ ಸಮಾಧಾನ ಆಗದವರಿಗೆ.

ಅಳತೆ

ಹಲಗೆ 4 ಅಡಿ ಉದ್ದ, 2 ಅಡಿ ಅಗಲ. ತೂತು 6 ಇಂಚು. ಅದರ ನಡು ಮೇಲಿನ ಅಂಚಿನಿಂದ 9 ಇಂಚು ಕೆಳಗೆ, ಎರಡೂ ಪಕ್ಕದಿಂದ 12 ಇಂಚಿಗೆ ಬರಬೇಕು. ಹಿಂದಿನ ಎತ್ತರ 12 ಇಂಚು, ಮುಂದಿನದು 3ರಿಂದ 4 ಇಂಚು. ಎರಡು ಹಲಗೆಗಳ ಮುಂದಿನ ಅಂಚಿನ ನಡುವೆ 27 ಅಡಿ, ಮಕ್ಕಳಿಗಾದರೆ 21 ಅಡಿ. ಚೀಲ 6 ಇಂಚಿನ ಚೌಕ, ತೂಕ ಸುಮಾರು 450 ಗ್ರಾಂ. ಮಾಡುವಾಗ ಅರ್ಧ ಇಂಚು ಆಚೀಚೆ ಆದರೆ ಯಾರೂ ಬಂದು ಕೇಳುವುದಿಲ್ಲ. ಆದರೆ ಎರಡೂ ಹಲಗೆ ಒಂದೇ ಥರ ಇರಬೇಕು. ಒಂದು ಜಾರು, ಒಂದು ಒರಟು ಆದರೆ ಆಟದ ಮಜಾ ಹೋಗುತ್ತದೆ.

ಅಂಗಳ ಅಳೆದ ಮೇಲೆಯೇ ಮರಕ್ಕೆ ದುಡ್ಡು ಹಾಕಿ. ತವರಿನ ಅಂಗಳ ದೊಡ್ಡದೇ, ಆದರೆ ನವೆಂಬರಿನಿಂದ ಫೆಬ್ರವರಿ ತನಕ ಅಲ್ಲಿ ಅಡಿಕೆಯದೇ ದರ್ಬಾರು. ಒಣಗಲು ಹಾಕಿದ ಅಡಿಕೆ ಮೇಲೆ ಚೀಲ ಬಿದ್ದರೆ ಅಪ್ಪಯ್ಯ ಸುಮ್ಮನಿರುತ್ತಾರಾ? ಅಲ್ಲಿ ಆಟ ಏನಿದ್ದರೂ ಏಪ್ರಿಲ್, ಮೇ ರಜೆಯಲ್ಲಿ. ಇಲ್ಲಾಂದ್ರೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ನೆಂಟರು ತುಂಬಿದಾಗ, ಅಂಗಳದ ಒಂದು ಮೂಲೆ ಖಾಲಿ ಮಾಡಿಸಿಕೊಂಡು. ಕಾರವಾರದಲ್ಲಿ ನಮ್ಮದು ಪುಟ್ಟ ಹೊಯಿಗೆ (ಮರಳು) ಅಂಗಳ, ತೆಂಗಿನ ಮರಗಳ ನಡುವೆ. 27 ಅಡಿ ಸಿಗಲಿಲ್ಲ. 21ಕ್ಕೇ ಆಡುತ್ತೇವೆ, ದೊಡ್ಡವರೂ.

ಹಲಗೆಗೆ ಯಾವ ಮರ?

ಹೆಚ್ಚು ಯೋಚನೆ ಬೇಕಾದದ್ದು ಇಲ್ಲೇ. ನಾವು ಎಡವಿದ್ದೂ ಇಲ್ಲೇ.

ಮೊದಲ ಸಲ ಎಂಡಿಎಫ್ ತಂದೆವು. ಅಂಗಡಿಯವರು, “ನೈಸ್ ಇರುತ್ತದೆ, ಬಣ್ಣ ಚೆನ್ನಾಗಿ ಕೂರುತ್ತದೆ” ಅಂದರು. ಸುಳ್ಳೇನಲ್ಲ. ಕನ್ನಡಿಯ ಹಾಗೆ ನೈಸಾಗಿತ್ತು, ತೂತು ಬೆಣ್ಣೆ ಕತ್ತರಿಸಿದ ಹಾಗೆ ಬಂತು. ಆದರೆ ಎಂಡಿಎಫ್ ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿದ ಹಾಳೆ. ಅಂಚಿನಲ್ಲಿ ಒಮ್ಮೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೂ ಮೊದಲಿನ ಹಾಗೆ ಆಗುವುದಿಲ್ಲ. ಬೆಂಗಳೂರಿನ ಫ್ಲ್ಯಾಟಿನ ಒಳಗೆ ಇಡುವವರು ಬೇಕಾದರೆ ತರಲಿ. ನಮ್ಮ ಜಿಲ್ಲೆಯಲ್ಲಿ ಘಟ್ಟದ ಮೇಲೂ ಬೇಡ, ಕೆಳಗೂ ಬೇಡ.

ಪ್ಲೈವುಡ್‌ನಲ್ಲಿ ಎರಡು ಜಾತಿ ನೋಡಬೇಕು. ಅಂಗಡಿಯಲ್ಲಿ ‘ಕಮರ್ಷಿಯಲ್’ ಅಂತ ಕೊಡುವುದು ಸಾಮಾನ್ಯವಾಗಿ ಎಂಆರ್ ದರ್ಜೆ, ಭಾರತೀಯ ಮಾನಕದ ನಂಬರು ಐಎಸ್ 303. ಗಾಳಿಯ ತೇವ ತಡೆದುಕೊಳ್ಳುತ್ತದೆ, ನೀರಿನಲ್ಲಿ ನೆನೆದರೆ ಪದರ ಬಿಡುತ್ತದೆ. ಇನ್ನೊಂದು ಮರೀನ್, ಬಿಡಬ್ಲ್ಯೂಪಿ (ಕುದಿಯುವ ನೀರಿಗೂ ಜಗ್ಗದ್ದು), ಐಎಸ್ 710. ಇದರ ಪರೀಕ್ಷೆಯಲ್ಲಿ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿ ಇಟ್ಟು ಅಂಟು ಬಿಡುತ್ತದಾ ನೋಡುತ್ತಾರೆ. ಕುಚಲಕ್ಕಿಗೂ ಅಷ್ಟು ಹೊತ್ತು ಬೇಡ! ಶೀಟಿನ ಮೇಲೆ ಐಎಸ್‌ಐ ಮುದ್ರೆಯೂ ನಂಬರೂ ಇರುತ್ತವೆ, ಬಾಯಿಮಾತು ನಂಬದೆ ಅದನ್ನೇ ಓದಿ. ಮರೀನ್‌ಗೆ ದುಡ್ಡು ಜಾಸ್ತಿ ಹೌದು. ಆದರೆ ಪೂರ್ತಿ ಶೀಟು 8 ಅಡಿಗೆ 4 ಅಡಿ ಇರುತ್ತದೆ, ಅದರಲ್ಲಿ 4×2ರ ನಾಲ್ಕು ಹಲಗೆ ಸರಿಯಾಗಿ ಬರುತ್ತವೆ, ಒಂದು ಚೂರೂ ವೇಸ್ಟ್ ಇಲ್ಲ. ಅಂದರೆ ಎರಡು ಜೊತೆ. ಪಕ್ಕದ ಮನೆಯವರನ್ನೋ ತಂಗಿಯನ್ನೋ ಸೇರಿಸಿಕೊಂಡರೆ ಖರ್ಚು ಅರ್ಧ. ನಾವು ಮಾಡಿದ್ದು ಹಾಗೇ, ಒಂದೇ ಶೀಟು ಘಟ್ಟದ ಮೇಲೂ ಕೆಳಗೂ ಹಂಚಿಹೋಯಿತು. ಅಂಗಡಿಯಲ್ಲೇ ಕೊಯ್ಯಿಸಿಕೊಂಡು ಬನ್ನಿ. ಗರಗಸದ ಬಾಯಿಗೆ ಎರಡು ಮೂರು ಮಿಲಿಮೀಟರ್ ಹೋಗುತ್ತದೆ, ಪರವಾಗಿಲ್ಲ.

ದಪ್ಪ ಎಷ್ಟು? 9 ಮಿ.ಮೀ. ತಂದರೆ ಹಗುರ, ಆದರೆ ಚೀಲ ಬಿದ್ದಾಗ ಹಲಗೆ ಚಂಡೆಯ ಹಾಗೆ ಅದುರುತ್ತದೆ, ಚೀಲ ಪುಟಿದು ಕೆಳಗೆ ಹಾರುತ್ತದೆ. 18 ಮಿ.ಮೀ. ಕಲ್ಲಿನ ಹಾಗೆ ಗಟ್ಟಿ, ಎತ್ತಿಡುವವರ ಸೊಂಟ ಹೋಗುತ್ತದೆ. 12 ಮಿ.ಮೀ. ತಂದು ಅಡಿಯಲ್ಲಿ ನಡುವೆ ಒಂದು ಅಡ್ಡಪಟ್ಟಿ ಕೊಡಿ. ಹಲಗೆಯೊಂದೇ ಐದಾರು ಕಿಲೋ ಬರುತ್ತದೆ, ಹತ್ತು ವರ್ಷದ ಹುಡುಗರು ಇಬ್ಬರು ಸೇರಿ ಎತ್ತುತ್ತಾರೆ.

ಈಗ ಅಡುಗೆಮನೆ ಕಪಾಟಿಗೆಲ್ಲ ಹಾಕುತ್ತಾರಲ್ಲ, ಪಿವಿಸಿ ಬೋರ್ಡು, ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿದ) ಬೋರ್ಡು, ಅದನ್ನೂ ವಿಚಾರಿಸಿದೆ. ನೀರಿಗೆ ಹೆದರುವುದಿಲ್ಲ, ಒರಲೆ (ಗೆದ್ದಲು) ಮುಟ್ಟುವುದಿಲ್ಲ. ಕಡಲ ಬದಿಯ ಮನೆಗೆ ಇದಕ್ಕಿಂತ ಏನು ಬೇಕು ಅನಿಸಿತು. ಆದರೆ ಬಿಸಿಲಲ್ಲಿ ಮೆತ್ತಗಾಗಿ ನಡುವೆ ಬಾಗುತ್ತದೆ, ಅಡಿಯಲ್ಲಿ ಒಂದರ ಬದಲು ಎರಡು ಮೂರು ಪಟ್ಟಿ ಕೊಡಬೇಕು. ಸ್ಕ್ರೂ ಒಂದೆರಡು ಸಲ ಬಿಚ್ಚಿ ಹಾಕಿದರೆ ಹಿಡಿತ ಸಡಿಲ. ಬಣ್ಣ ಕೂರಲು ಮೊದಲು ಚೆನ್ನಾಗಿ ಉಜ್ಜಿ ಒರಟು ಮಾಡಬೇಕು. ಹಲಗೆಯನ್ನು ವರ್ಷವಿಡೀ ಹೊರಗೇ ಬಿಡುತ್ತೇನೆ, ಎತ್ತಿಡುವ ಜಾತಿ ನಾನಲ್ಲ ಅನ್ನುವವರು ಇದನ್ನೇ ತೆಗೆದುಕೊಳ್ಳಿ. ನಾಚಿಕೆ ಏನಿಲ್ಲ.

ತವರಿನಲ್ಲಿ ಹಲಸಿನ ಹಲಗೆ ಇತ್ತು. ಹಳದಿ ಬಣ್ಣ, ನೋಡಲು ಏನು ಚಂದ! ಆದರೆ 2 ಅಡಿ ಅಗಲದ ಒಂದೇ ಹಲಗೆ ಸಿಗುವುದು ಕಷ್ಟ, ಮೂರು ಸೇರಿಸಬೇಕು. ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವಾಗ ಜೋಡಣೆ ಬಾಯಿ ಬಿಡುತ್ತದೆ, ಚೀಲ ಅಲ್ಲಿ ಎಡವುತ್ತದೆ. ಅದು ಚೌಕಟ್ಟಿಗೆ ಸರಿ, ಮೇಲ್ಮೈಗಲ್ಲ.

ನನ್ನ ಅಣ್ಣನಿಗೆ ಅಡಿಕೆ ದಬ್ಬೆಯಲ್ಲಿ ಮಾಡುವ ಹುಚ್ಚು. ಬಿದ್ದ ಮರ ಸೀಳಿದರೆ ದಬ್ಬೆ ಪುಕ್ಕಟೆ, ಅಂಗಳದ ಚಪ್ಪರಕ್ಕೆ ಹಾಕುವ ಹಾಗೆ ಸಾಲಾಗಿ ಹೊಡೆದರೆ ಆಯಿತು ಅಂತ ವಾದ. ಮಾಡಿದ. ಚೀಲ ಬಿದ್ದರೆ ಒಂದೊಂದು ಸಲ ಒಂದೊಂದು ಕಡೆ ಹೊರಳುತ್ತದೆ, ಮಕ್ಕಳ ಕೈಗೆ ಸಿಬಿರು. ಈಗ ಅದರ ಮೇಲೆ ಆಯಿ ಹಪ್ಪಳ ಒಣಗಿಸುತ್ತಾಳೆ.

ಚೌಕಟ್ಟು, ಕಾಲು

ಚೌಕಟ್ಟಿಗೆ ಹೊಸ ಮರ ಕೊಳ್ಳಬೇಡಿ. ಹಂಚಿನ ಮಾಡು ತೆಗೆದು ಶೀಟು ಹಾಕಿದ ಮನೆಗಳು ಈಗ ಊರಿಗೆ ನಾಲ್ಕಿವೆ, ಅಲ್ಲಿ ಹಳೆ ರೀಪು, ಪಕಾಸು ರಾಶಿ ಬಿದ್ದಿರುತ್ತವೆ. ಹತ್ತಾರು ವರ್ಷ ಮಾಡಿನ ಕೆಳಗೆ ಒಣಗಿದ ಮರ, ಇನ್ನು ಡೊಂಕಾಗುವುದಿಲ್ಲ. ಹಳೆ ಮೊಳೆ ಹುಡುಕಿ ಕಿತ್ತು, ಒರಲೆ ತಿಂದ ತುದಿ ಕೊಯ್ದು ಉಪಯೋಗಿಸಿ. ಅಗ್ಗಕ್ಕೆ ಸಿಗುತ್ತದೆ ಅಂತ ಹಸಿ ಅಕೇಶಿಯಾ ತಂದಿರೋ, ಆರು ತಿಂಗಳಲ್ಲಿ ಹಾವಿನ ಹಾಗೆ ತಿರುಚಿಕೊಳ್ಳುತ್ತದೆ.

ಕಾಲಿನಲ್ಲಿ ಎರಡು ದಾರಿ. ಮಡಚುವ ಕಾಲು, ಅಂದರೆ ಚೌಕಟ್ಟಿನ ಒಳಗೆ ಒಂದೊಂದು ಬೋಲ್ಟು, ಕೈಯಲ್ಲೇ ತಿರುಗಿಸುವ ನಟ್ಟು. ಇಲ್ಲಾಂದ್ರೆ ನಾಲ್ಕೂ ಕಡೆ ಮುಚ್ಚಿದ ಓರೆ ಪೆಟ್ಟಿಗೆ. ಗಟ್ಟಿ ನೆಲಕ್ಕೆ, ಸಗಣಿ ಸಾರಿಸಿದ ಅಂಗಳಕ್ಕೆ ಮಡಚುವ ಕಾಲು ಒಳ್ಳೆಯದು. ಆಟ ಮುಗಿದ ಮೇಲೆ ಅಟ್ಟಕ್ಕೆ ಹೋಗುತ್ತದೆ. ಹೊಯಿಗೆಯಲ್ಲಿ ಮಾತ್ರ ಅದು ಕೆಲಸಕ್ಕೆ ಬರುವುದಿಲ್ಲ. ಹತ್ತು ಚೀಲ ಬೀಳುವಷ್ಟರಲ್ಲಿ ಒಂದು ಕಾಲು ಹೂತು ಹಲಗೆ ವಾಲುತ್ತದೆ. ಟಾಗೋರ್ ಕಡಲತೀರಕ್ಕೆ ಒಮ್ಮೆ ಹೊತ್ತುಕೊಂಡು ಹೋಗಿ ನೋಡಿದ್ದೇವೆ. ಆಟಕ್ಕಿಂತ ಜಾಸ್ತಿ ಹೊತ್ತು ಕಾಲಿನ ಅಡಿಗೆ ತೆಂಗಿನ ಸಿಪ್ಪೆ ಕೊಡುತ್ತ ಕೂತಿದ್ದೆವು. ಹಾಗಾಗಿ ಕಾರವಾರದ್ದು ಈಗ ಪೆಟ್ಟಿಗೆ. ಪೂರ್ತಿ ಅಂಚು ನೆಲಕ್ಕೆ ಕೂರುತ್ತದೆ, ಅಲ್ಲಾಡುವುದಿಲ್ಲ. ಅದರೊಳಗೆ ಕಪ್ಪೆ ಸಂಸಾರ ಹೂಡುತ್ತದೆ ಅನ್ನೋದು ಬೇರೆ ಮಾತು. ತೂತಿಗೆ ಕೈ ಹಾಕಿ ಚೀಲ ತೆಗೆಯುವ ಮೊದಲು ಪೆಟ್ಟಿಗೆ ಎತ್ತಿ ನೋಡಬೇಕು ಅಂತ ಮಕ್ಕಳಿಗೆ ಕಟ್ಟಪ್ಪಣೆ. ಕಪ್ಪೆ ಇದ್ದಲ್ಲಿ ಅದನ್ನು ತಿನ್ನುವವನೂ ಬರುತ್ತಾನಲ್ಲ.

ಸ್ಕ್ರೂ ಕಡಲ ಬದಿಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಕಬ್ಬಿಣದ ಮೊಳೆ ಉಪ್ಪು ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಕಾರಿ ಬಣ್ಣದ ಮೇಲೆ ಕಂದು ಕಣ್ಣೀರು ಸುರಿಸುತ್ತದೆ.

ತೂತು

ನಡುವಿಗೆ ಮೊಳೆ ಹೊಡೆದು, 3 ಇಂಚು ದಾರ ಕಟ್ಟಿ, ಪೆನ್ಸಿಲ್ ಸುತ್ತಿಸಿ. ಜಿಗ್ ಸಾ (ಗುಂಡಗೆ ಕೊಯ್ಯುವ ಕರೆಂಟಿನ ಗರಗಸ) ಇದ್ದರೆ ಐದು ನಿಮಿಷದ ಕೆಲಸ. ಇಲ್ಲದಿದ್ದರೆ ಆಚಾರಿ ಹತ್ತಿರ ಕೊಟ್ಟುಬಿಡಿ. ನಮ್ಮ ಆಚಾರಿ ಹಲಗೆ ನೋಡಿ, “ಅಕ್ಕಾ, ಚೌಕ ತೂತು ಆದ್ರೆ ಆಗೂದಿಲ್ವಾ? ಗುಂಡಗೆ ಕೊಯ್ಯೂದು ರಗಳೆ” ಅಂದರು. ಅವರ ಮಾತಿಗೆ ಆಧಾರ ಇದೆ. 1883ರಲ್ಲಿ ಅಮೆರಿಕದಲ್ಲಿ ಈ ಥರದ ಆಟಕ್ಕೆ ಮೊದಲು ಪೇಟೆಂಟ್ ಪಡೆದಾಗ ಹಲಗೆಯಲ್ಲಿ ಇದ್ದದ್ದು ಚೌಕ ತೂತೇ! ಆದರೂ ಗುಂಡಗೇ ಮಾಡಿಸಿದೆ, ಚೌಕದ ಮೂಲೆಗೆ ಚೀಲ ಸಿಕ್ಕಿಕೊಳ್ಳುತ್ತದೆ. ಕೊಯ್ದ ಅಂಚನ್ನು ಮೊದಲು 120 ನಂಬರಿನ, ಆಮೇಲೆ 220 ನಂಬರಿನ ಪಾಲಿಶ್ ಪೇಪರಿನಲ್ಲಿ ಉಜ್ಜಿ. ಬೆರಳು ಸುತ್ತಿಸಿದರೆ ಎಲ್ಲೂ ತಡೆಯಬಾರದು, ಇಲ್ಲದಿದ್ದರೆ ಚೀಲದ ಬಟ್ಟೆ ಹರಿಯುತ್ತದೆ.

ಚೀಲಕ್ಕೆ ಏನು ತುಂಬುವುದು?

ಬಟ್ಟೆಯ ವಿಷಯ ಬೇಗ ಮುಗಿಯುತ್ತದೆ. ಕ್ಯಾನ್ವಾಸ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಹಳೆ ಜೀನ್ಸ್. 7 ಇಂಚಿನ ಚೌಕ ಕತ್ತರಿಸಿ ಸುತ್ತಲೂ ಅರ್ಧ ಇಂಚು ಒಳಗೆ ಹೊಲಿದರೆ 6 ಇಂಚಿನ ಚೀಲ. ಹೊಲಿಗೆ ಎರಡು ಸಲ ಹಾಕಿಸಿ. ಗೋಣಿತಾಟು ಬೇಡ, ಜಾಲರಿಯ ಹಾಗೆ ಸೋರುತ್ತದೆ. ನಾಲ್ಕು ಚೀಲ ಒಂದು ಬಣ್ಣ, ನಾಲ್ಕು ಇನ್ನೊಂದು.

ತುಂಬುವುದರಲ್ಲಿ ಮಾತ್ರ ಮನೆಯವರೆಲ್ಲ ಒಂದೊಂದು ಪಕ್ಷ.

ಆಟದ ಇಂಗ್ಲಿಷ್ ಹೆಸರಿನಲ್ಲೇ ಜೋಳ ಇದೆ. ಹಳೆ ಪದ್ಧತಿ ಒಣ ಗೋವಿನಜೋಳವೇ. ನಮ್ಮ ಜಿಲ್ಲೆಯಲ್ಲೇ ಹಳಿಯಾಳ, ಮುಂಡಗೋಡ ಕಡೆ ಬೆಳೆಯುತ್ತಾರೆ, ದನದ ಹಿಂಡಿ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಕೈಗೆ ಹಿತ, ಬಿದ್ದಾಗ ‘ಚರ್’ ಅನ್ನುವ ಸದ್ದು, 450 ಗ್ರಾಂ ಹಾಕಿದರೆ ಚೀಲ ಹದವಾಗಿ ತುಂಬುತ್ತದೆ. ಪ್ರತಿ ಎಸೆತಕ್ಕೂ ಕಾಳು ಉಜ್ಜಿ ಹಿಟ್ಟಾಗುತ್ತ ಹೋಗುತ್ತದೆ, ತಿಂಗಳುಗಟ್ಟಲೆ ಆಡಿದ ಮೇಲೆ ಚೀಲ ಮೆತ್ತಗಾಗಿ ಬಟ್ಟೆಯಿಂದ ಪುಡಿ ಉದುರುತ್ತದೆ. ಆಮೇಲೆ ಹುಳ. ಆಮೇಲೆ ಹೆಗ್ಗಣ. ಮೊಳಕೆಯ ಕಥೆ ಆಗಲೇ ಹೇಳಿದೆನಲ್ಲ. ಜೋಳವೇ ಬೇಕು ಅಂದರೆ ಮೊದಲು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮುಟ್ಟುವ ತನಕ ಹುರಿದು, ಪೂರ್ತಿ ಆರಿಸಿ ತುಂಬಿ. ಮೊಳಕೆ ಬರುವುದಿಲ್ಲ, ಹುಳದ ಮೊಟ್ಟೆ ಇದ್ದರೂ ಸಾಯುತ್ತದೆ. ತೀರಾ ಹುರಿದರೆ ಅರಳಾಗಿ ಸಿಡಿಯಬಹುದು ಅಂತ ಮಕ್ಕಳು ಒಲೆ ಮುಂದೆ ಆಸೆಯಿಂದ ಕೂತಿದ್ದರು. ಎಲ್ಲ ಜಾತಿಯ ಜೋಳ ಅರಳುವುದಿಲ್ಲ ಅಂತ ಹೇಳಿ ಎಬ್ಬಿಸಬೇಕಾಯಿತು.

ಭತ್ತ ತುಂಬಿದರೆ ಹಗುರ. 450 ಗ್ರಾಂ ಹಿಡಿಸುವಷ್ಟರಲ್ಲಿ ಚೀಲ ದಿಂಬಿನ ಹಾಗೆ ಉಬ್ಬಿ, ಹಲಗೆ ಮೇಲೆ ಮಲಗುವ ಬದಲು ಉರುಳುತ್ತದೆ. ಭತ್ತದ ಚೂಪು ತುದಿ ಬಟ್ಟೆಯಿಂದ ಹೊರಗೆ ಬಂದು ಚುಚ್ಚುತ್ತದೆ. ಹೊಯಿಗೆ ಇದರ ತಿರುಗಾಮುರುಗಾ. ಕಡಲ ಬದಿಯವರಿಗೆ ಮೊದಲು ಹೊಳೆಯುವುದು ಅದೇ, ಪುಕ್ಕಟೆ ಅಲ್ವಾ? ತೂಕಕ್ಕೆ ಸ್ವಲ್ಪವೇ ಸಾಕು, ಅರ್ಧ ಚೀಲ ಖಾಲಿ ಉಳಿದು ಒದ್ದೆ ಬಟ್ಟೆಯ ಹಾಗೆ ಜೋಲುತ್ತದೆ. ಸಣ್ಣ ಹೊಯಿಗೆ ಹೊಲಿಗೆಯಿಂದ ಸೋರಿ ಹಲಗೆಯ ಬಣ್ಣ ಕೆರೆಯುತ್ತದೆ. ಸಮುದ್ರದ್ದಾದರೆ ಉಪ್ಪು ಗಾಳಿಯ ತೇವ ಎಳೆದುಕೊಂಡು ಚೀಲ ಸದಾ ಹಸಿ ಹಸಿ.

ಹುಣಸೆ ಬೀಜ ನನಗೆ ಇಷ್ಟವಾಯಿತು. ಹುಣಸೆ ಕುಟ್ಟಿ ಉಂಡೆ ಕಟ್ಟುವ ಮನೆಯಲ್ಲಿ ಬೀಜ ಹೇಗೂ ಉಳಿಯುತ್ತದೆ. ಹುರಿದು ತುಂಬಿದರೆ ಕಲ್ಲಿನಷ್ಟು ಗಟ್ಟಿ, ಜೋಳದ ಹಾಗೆ ಬೇಗ ಹಿಟ್ಟಾಗುವುದಿಲ್ಲ. ಎಂಟು ಚೀಲಕ್ಕೆ ಮೂರೂವರೆ ಕಿಲೋಕ್ಕಿಂತ ಜಾಸ್ತಿ ಬೀಜ ಬೇಕು. ಅದನ್ನು ಕೂಡಿಸಲು ಅಕ್ಕಪಕ್ಕದ ಮನೆಗೆಲ್ಲ ಹೇಳಿಡಬೇಕಾಯಿತು.

ಒಂದನ್ನು ಖಂಡಿತ ಹಾಕಬೇಡಿ: ಗುಲಗಂಜಿ. ನೋಡಲು ಚಂದ, ಮಕ್ಕಳು ಆರಿಸಿ ತರುತ್ತಾರೆ. ಅದು ವಿಷ. ಚೀಲ ಹರಿದು ಚೆಲ್ಲಿದರೆ, ಪುಟ್ಟ ಮಗುವೊಂದು ಜಗಿದರೆ ಕಥೆ ಮುಗಿಯಿತು.

ಈಗ ದುಡ್ಡಿಟ್ಟು ಪಂದ್ಯ ಆಡುವವರೆಲ್ಲ ಪ್ಲಾಸ್ಟಿಕ್ ಕಾಳು ತುಂಬಿದ ಚೀಲಕ್ಕೆ ಹೋಗಿದ್ದಾರೆ. ಹುಳ ಇಲ್ಲ, ಮೊಳಕೆ ಇಲ್ಲ, ಒದ್ದೆಯಾದರೆ ತೊಳೆದು ಹರವಿದರೆ ಆಯಿತು. ಆನ್‌ಲೈನಿನಲ್ಲಿ ತರಿಸಬೇಕು. ಎಲ್ಲದಕ್ಕೂ ಪ್ಲಾಸ್ಟಿಕ್ಕಾ ಅಂತ ನನಗೂ ಮನಸ್ಸು ಹಿಂಜರಿಯಿತು. ಕೊನೆಗೆ ಕಾರವಾರದ ಚೀಲಕ್ಕೆ ಅದನ್ನೇ ಹಾಕಿದೆ, ಇಲ್ಲಿನ ಗಾಳಿಯಲ್ಲಿ ಬೇರೆ ಯಾವುದೂ ಉಳಿಯುವುದಿಲ್ಲ. ತವರಿನಲ್ಲಿ ನಾಲ್ಕು ಚೀಲ ಹುರಿದ ಜೋಳ, ನಾಲ್ಕು ಹುಣಸೆ ಬೀಜ. ಎಂಟೂ ಒಂದೇ ಥರ ಇರಬೇಕು ಅನ್ನೋದು ನಿಯಮ, ಗೊತ್ತಿದೆ. ಸೋತವರಿಗೆ ಒಂದು ನೆಪ ಬೇಕಲ್ಲ.

ಬಣ್ಣ ಮತ್ತು ಚಿತ್ರ

ಬಣ್ಣ ಡಿಸೆಂಬರಿನಿಂದ ಮಾರ್ಚಿನೊಳಗೆ ಹೊಡೆಯಿರಿ. ಜೂನ್ ಜುಲೈಯಲ್ಲಿ ಹೊಡೆದ ಆಯಿಲ್ ಪೇಂಟು ವಾರವಾದರೂ ಬೆರಳಿಗೆ ಅಂಟುತ್ತದೆ, ಚೀಲದ ನೇಯ್ಗೆಯ ಅಚ್ಚು ಅದರ ಮೇಲೆ ಮೂಡುತ್ತದೆ. ಮೊದಲು ಪ್ರೈಮರ್. ಮೇಲೆ ಮಾತ್ರ ಅಲ್ಲ, ಅಡಿಗೂ, ಅಂಚಿಗೂ, ತೂತಿನ ಒಳಸುತ್ತಿಗೂ. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದಲೇ. ಒಂದೇ ಕಡೆ ಬಳಿದರೆ ಇನ್ನೊಂದು ಕಡೆ ತೇವ ಹೀರಿ ಹಲಗೆ ಬಿಲ್ಲಿನ ಹಾಗೆ ಬಾಗುತ್ತದೆ.

ನೀರಿನಲ್ಲಿ ಕಲಸುವ ಗೋಡೆಯ ಎಮಲ್ಷನ್ ಬೇಗ ಒಣಗುತ್ತದೆ, ವಾಸನೆ ಇಲ್ಲ, ಮಕ್ಕಳೂ ಬಳಿಯಬಹುದು. ಆದರೆ ಬರೀ ಅದಕ್ಕೇ ಬಿಟ್ಟರೆ ಚೀಲ ಉಜ್ಜಿ ಉಜ್ಜಿ ಬಿಳಿಚುತ್ತದೆ. ಮೇಲೆ ಎರಡು ಕೈ ಪಿಯು (ಪಾಲಿಯುರೆಥೇನ್) ವಾರ್ನಿಷ್ ಬೇಕು. ಆಯಿಲ್ ಪೇಂಟಿಗೆ ವಾರ್ನಿಷ್ ಬೇಡ, ಆದರೆ ಒಣಗಲು ತಾಳ್ಮೆ ಬೇಕು. ಕಾರವಾರದಲ್ಲಿ ದೋಣಿಗೆ ಬಳಿದು ಉಳಿದ ಬಣ್ಣ ಯಾರಾದರೂ ಕೊಟ್ಟರೆ ಬಿಡಬೇಡಿ, ಉಪ್ಪು ನೀರಿಗೇ ಮಾಡಿದ್ದು ಅದು. ಹೊಳಪು ಮಾತ್ರ ವಿಪರೀತ ಬೇಡ. ತೀರಾ ಹೊಳೆಯುವ ಹಲಗೆಯಿಂದ ಚೀಲ ಜಾರಿ ಕೆಳಗಿಳಿಯುತ್ತದೆ, ತೀರಾ ಒರಟಿನ ಮೇಲೆ ಬಿದ್ದಲ್ಲೇ ಕೂರುತ್ತದೆ. ಬಿದ್ದ ಚೀಲ ಒಂದು ಗೇಣು ಜಾರಿ ನಿಲ್ಲುವ ಹದ ಬೇಕು. ಹೊಳಪು ಜಾಸ್ತಿ ಆಯಿತು ಅನಿಸಿದರೆ 220ರ ಪೇಪರಿನಲ್ಲಿ ಹಗುರವಾಗಿ ಒಮ್ಮೆ ಸವರಿ.

ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದರೆ ಒರಲೆ ಹತ್ತಿರ ಬರುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ, ದೋಣಿಗೆ, ಮನೆಯ ಮರಕ್ಕೆ ಹಿಂದಿನಿಂದ ಬಳಿಯುತ್ತ ಬಂದದ್ದೇ. ಆದರೆ ಚರ್ಮ ಸುಡುತ್ತದೆ. ಬೇಕಿದ್ದರೆ ಕೈಗವಸು ಹಾಕಿಕೊಂಡು ಪೆಟ್ಟಿಗೆಯ ಅಡಿಪಟ್ಟಿಗೆ ಮಾತ್ರ ಬಳಿಯಿರಿ. ಮಕ್ಕಳ ಕೈ ತಾಗುವ ಮೇಲ್ಮೈಗೆ ಬೇಡವೇ ಬೇಡ.

ಇನ್ನು ಚಿತ್ರ. ಫ್ಲೆಕ್ಸ್ ಅಂಗಡಿಯಲ್ಲಿ ಸ್ಟಿಕ್ಕರ್ ಪ್ರಿಂಟ್ ಹಾಕಿಸಿ ಅಂಟಿಸುವುದು ಎಲ್ಲಕ್ಕಿಂತ ಸುಲಭ, ಒಂದೇ ದಿನದ ಕೆಲಸ. ಹುಟ್ಟುಹಬ್ಬಕ್ಕೋ ಒಂದು ಸಮಾರಂಭಕ್ಕೋ ಆದರೆ ಸರಿ. ನಮ್ಮ ತೇವಕ್ಕೆ ಅದರ ಅಡಿ ಗುಳ್ಳೆ ಏಳುತ್ತದೆ, ತೂತಿನ ಸುತ್ತ ಅಂಚು ಕಿತ್ತು ಬರುತ್ತದೆ.

ಕೈಯಲ್ಲೇ ಬರೆಯುವುದಾದರೆ ನಮ್ಮ ಜಿಲ್ಲೆಯಲ್ಲಿ ನೋಡಿ ಕಲಿಯಲು ಬೇಕಾದಷ್ಟಿದೆ. ಕರಾವಳಿಯ ಹಳೆ ದೇವಸ್ಥಾನಗಳ ಗೋಡೆ ಮೇಲಿನ ಕಾವಿ ಕಲೆ ನೋಡಿರುತ್ತೀರಿ. ಬಿಳಿ ಸುಣ್ಣದ ಗಾರೆ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿ ಇರುವಾಗಲೇ ಕೆರೆದು ಅಡಿಯ ಬಿಳಿ ಕಾಣಿಸುತ್ತಾರೆ. ಸುಣ್ಣ ಪ್ಲೈವುಡ್ ಮೇಲೆ ನಿಲ್ಲುವುದಿಲ್ಲ, ನಾಲ್ಕು ಚೀಲ ಬಿದ್ದರೆ ಚಕ್ಕೆ ಏಳುತ್ತದೆ. ನಾನು ಅದರ ನಕಲು ಮಾಡಿದೆ. ಬಿಳಿ ಆಯಿಲ್ ಪೇಂಟು ಹೊಡೆದು ವಾರ ಬಿಟ್ಟೆ. ಅದರ ಮೇಲೆ ಇಟ್ಟಿಗೆ ಕೆಂಪಿನ ಎಮಲ್ಷನ್ ತೆಳ್ಳಗೆ ಬಳಿದೆ. ಅದು ಅರ್ಧ ಒಣಗಿದಾಗ, ಅಂದರೆ ಬೆರಳಿಗೆ ಹತ್ತದೆ ಉಗುರಿಗೆ ಹತ್ತುವಾಗ, ಬಿದಿರುಕಡ್ಡಿಯ ತುದಿಯಲ್ಲಿ ಕೆರೆದೆ. ಕೆಂಪು ಸಿಪ್ಪೆಯ ಹಾಗೆ ಸುರುಳಿಯಾಗಿ ಎದ್ದು ಬಂತು, ಅಡಿಯಿಂದ ಬಿಳಿ ಗೆರೆ. ಹತ್ತು ನಿಮಿಷ ತಡವಾದರೆ ಚೂರು ಚೂರಾಗಿ ಏಳುತ್ತದೆ. ಹಾಗಾಗಿ ಒಂದೊಂದೇ ಭಾಗ ಬಳಿದು ಮುಗಿಸಬೇಕು. ಕಾವಿಯ ಹೂವು, ಚಕ್ರಗಳೆಲ್ಲ ಕೈವಾರದ (ಕಂಪಾಸಿನ) ಸುತ್ತಿನಿಂದ ಹುಟ್ಟಿದವು. ತೂತಿನ ಸುತ್ತ ಎಸಳು ಬರೆಯಲು ಹೇಳಿ ಮಾಡಿಸಿದ ಹಾಗಿದೆ. ಒಂದು ಉಪಾಯ: ತೂತು ಕೊಯ್ಯುವ ಮೊದಲೇ ಅದೇ ಮೊಳೆಗೆ ದಾರವನ್ನು 4, 5, 6 ಇಂಚು ಬಿಟ್ಟು ದೊಡ್ಡ ಸುತ್ತುಗಳನ್ನೂ ಚೂಪು ಮೊಳೆಯಿಂದ ಗೀರಿಕೊಳ್ಳಿ, ಬಣ್ಣ ಬಳಿದ ಮೇಲೂ ಗೀರು ಕಾಣುತ್ತದೆ. ಕೊಯ್ದ ಮೇಲೆ ಮೊಳೆ ಹೊಡೆಯಲು ನಡುವೇ ಇರುವುದಿಲ್ಲ. ನನಗೆ ಇದು ಹೊಳೆದದ್ದು ಕೊಯ್ದ ಮೇಲೆ.

ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಆಚೆ ಸಾಗರದ ಕಡೆ ದೀವರು ಸಮುದಾಯದ ಮನೆಗಳ ಹಸೆ ಚಿತ್ತಾರ ಇದೆ. ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಬರೆಯಲು ಪುಂಡಿ ನಾರಿನ ಕುಂಚ. ನೇರ ಗೆರೆಗಳೇ ಜಾಸ್ತಿ, ಹಾಗಾಗಿ ಕೈ ನಡುಗುವವರಿಗೂ ಸ್ಕೇಲು, ಟೇಪು ಇಟ್ಟು ಬರೆಯಬಹುದು. ಅಕ್ಕಿ ಹಿಟ್ಟು ಹಲಗೆ ಮೇಲೆ ಉಳಿಯುವುದಿಲ್ಲ, ಬಿಳಿ ಆಕ್ರಿಲಿಕ್ ಹಾಕಿ. ಆದರೆ ಹಸೆ ಅಂದರೆ ಮದುವೆಯಲ್ಲಿ ಗಂಡು ಹೆಣ್ಣನ್ನು ಕೂರಿಸುವ ಜಾಗದ ಚಿತ್ರ. ಅದರ ನಡುವಿನ ರೂಪಗಳನ್ನು ಚೀಲ ಹೊಡೆಯುವ ಹಲಗೆಗೆ ತರಲು ನನಗೆ ಮನಸ್ಸಾಗಲಿಲ್ಲ. ಅಂಚಿನ ಎಳೆಗಳನ್ನು ಮಾತ್ರ ತೆಗೆದುಕೊಂಡೆ.

ದೇವರ ಚಿತ್ರವಂತೂ ಬೇಡ. ತವರಿನ ಹಲಗೆ ಮೇಲೆ ಅಣ್ಣನ ಮಾಣಿ (ಮಗ) ಚಂದದ ಗಣಪತಿ ಬರೆದಿದ್ದ, ಹೊಟ್ಟೆಯ ಜಾಗಕ್ಕೆ ತೂತು. ಅಮ್ಮಮ್ಮ ಜಗಲಿಯಲ್ಲಿ ಕೂತು ನೋಡಿ, “ದೇವ್ರ ಹೊಟ್ಟೆಗೆ ಚೀಲ ಒಗೀತ್ರಾ?” ಅಂತ ಕೇಳಿದರು. ಅಷ್ಟೇ, ಬೈಯಲಿಲ್ಲ. ಆ ಹಲಗೆ ಸೀದಾ ಗೋಡೆಗೆ ಹೋಯಿತು, ಅದರ ಬದಲು ಇನ್ನೊಂದು ಮಾಡಬೇಕಾಯಿತು. ಯಕ್ಷಗಾನದ ಬಣ್ಣ ಆದರೆ ಯಾರಿಗೂ ತಕರಾರಿಲ್ಲ. ರಾಕ್ಷಸ ವೇಷದ ಮುಖ ಬರೆದು ಬಾಯಿಯ ಜಾಗಕ್ಕೆ ತೂತು ಬಂದರೆ ಮಕ್ಕಳು ಇಡೀ ದಿನ ಎಸೆಯುತ್ತಾರೆ.

ಏನೇ ಬರೆಯಿರಿ, ತೂತಿನ ಸುತ್ತ ಒಂದು ಇಂಚು ಅಗಲದ ಬಿಳಿ ಬಳೆ ಇರಲಿ. ಕಡು ಬಣ್ಣದ ಹಲಗೆಯಲ್ಲಿ ಸಂಜೆ ಆರು ಗಂಟೆಯ ಮೇಲೆ ತೂತು ಕಾಣುವುದೇ ಇಲ್ಲ. ನಮ್ಮಲ್ಲಿ ಆಟ ಜೋರಾಗುವುದು ಆಗಲೇ.

ಮಳೆಗಾಲದಲ್ಲಿ ಎಲ್ಲಿ?

ಎತ್ತಿಡಲು ಜಾಗ ಎಲ್ಲಿ ಅನ್ನೋದನ್ನು ನೋಡಿಕೊಂಡು ಉಳಿದದ್ದನ್ನು ಆರಿಸಿ. ಕಾರವಾರದ ಪೆಟ್ಟಿಗೆ ಹಲಗೆ ದೊಡ್ಡದು, ಮಡಚುವುದಿಲ್ಲ. ಮೇ ಕೊನೆಗೆ ಒಂದರ ಮೇಲೊಂದು ಬೋರಲು ಹಾಕಿ, ಅಡಿಗೆ ಎರಡು ಇಟ್ಟಿಗೆ ಕೊಟ್ಟು ಒಳಕೋಣೆಯಲ್ಲಿ ಇಡುತ್ತೇನೆ. ಗೋಡೆಗೆ ತಾಗಿಸುವುದಿಲ್ಲ, ಗಾಳಿ ಆಡಬೇಕು. ತಾರ್ಪಾಲು ಸುತ್ತಿ ಹೊರಗಿಟ್ಟರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ.

ತವರಿನಲ್ಲಿ ಆ ಚಿಂತೆ ಇಲ್ಲ. ಮಡಚಿದ ಹಲಗೆ ಅಟ್ಟಕ್ಕೆ. ಜೋಳದ ಚೀಲ, ಹುಣಸೆ ಬೀಜದ ಚೀಲ ಎಂಟನ್ನೂ ಆಯಿ ಒಂದು ಹೆಡಿಗೆಗೆ ಹಾಕಿ ಬಚ್ಚಲ ಒಲೆಯ ಮೇಲೆ ತೂಗುಹಾಕುತ್ತಾಳೆ, ಬಿತ್ತನೆ ಬೀಜದ ಪಕ್ಕದಲ್ಲೇ. ದೀಪಾವಳಿಗೆ ಇಳಿಸುವಾಗ ಚೀಲಕ್ಕೆಲ್ಲ ಹೊಗೆ ಬಣ್ಣ ಬಂದಿರುತ್ತದೆ, ಯಾರದ್ದು ನೀಲಿ ಯಾರದ್ದು ಕೆಂಪು ಗೊತ್ತಾಗುವುದಿಲ್ಲ. ಮೂಗಿಗೆ ಹಿಡಿದರೆ ಹಂಡೆ ಒಲೆಯ ಘಮ. ಒಂದು ಹುಳವೂ ಇರುವುದಿಲ್ಲ.